ಧಾರವಾಡದಲ್ಲಿ ಜನಿಸಿದ ಕ್ರಿಕೆಟ್ ವೀರ ಪಾಲವಣಕರ ಬಾಳೂ

ಧಾರವಾಡವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಸಾಹಿತ್ಯ, ಸಂಗೀತ, ವಿದ್ಯಾಸಂಸ್ಥೆಗಳು ಮತ್ತು ಪೇಡೆ. ಅದೇ ಊರಿನಲ್ಲಿ 1876ರ ಸುಮಾರಿಗೆ ಕಣ್ದೆರೆದ ಕೂಸೊಂದು ಮುಂದೆ ಭರತಖಂಡದ ಕ್ರಿಕೆಟ್ ಚರಿತ್ರೆಯಲ್ಲಿ ಮೊದಲ ಸಾಲಿನ ಎಸೆತಗಾರನೆಂದು ಹೆಸರಾದ ಸಂಗತಿ ಎಷ್ಟೋ ಮಂದಿಗೆ ತಿಳಿಯದು. ಪಾಲವಣಕರ ಬಾಳೂ ಎಂಬುದು ಆ ಮಹನೀಯರ ನಾಮಧೇಯ. ಅವರು ಶಾಲೆಯ ಬಯಲಿನಲ್ಲಿ ಶಿಕ್ಷಕರಿಂದ ಆಟ ಕಲಿತವರಲ್ಲ, ಗ್ರಂಥ ಓದಿ ನಿಯಮ ತಿಳಿದವರೂ ಅಲ್ಲ. ಪರರು ಆಡುವ ಬಯಲನ್ನು ಗುಡಿಸುತ್ತ, ರೋಲರು ಎಳೆಯುತ್ತ, ಸುಣ್ಣದ ಗೆರೆ ಹಾಕುತ್ತ, ಪರರ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ ಆ ಆಟದ ಮರ್ಮವನ್ನೆಲ್ಲ ಕರಗತ ಮಾಡಿಕೊಂಡವರು.

ಅವರ ಮನೆತನದ ಮೂಲ ಕೊಂಕಣ ಸೀಮೆಯ ಪಾಲವಣ ಎಂಬ ಹಳ್ಳಿ. ಹೆಸರಿನ ಮುಂದಿನ ಪಾಲವಣಕರ ಎಂಬುದು ಆ ಹಳ್ಳಿಯ ಗುರುತು. ತೊಗಲಿನ ಕೆಲಸ ಮಾಡುವ ಚಮ್ಮಾರ ಜಾತಿ ಅವರದು. ಕಾಲ್ಗೆ ಮೆಟ್ಟು ಮಾಡಿಕೊಟ್ಟವರನ್ನೇ ಮುಟ್ಟಬಾರದೆಂದು ವಿಧಿಸಿದ್ದ ಕಾಲವದು. ತಂದೆಯವರು ಸೈನ್ಯದ ಆಶ್ರಯದಲ್ಲಿ ನೌಕರಿಯಲ್ಲಿದ್ದುದರಿಂದ ಕುಟುಂಬವು ಧಾರವಾಡದಲ್ಲಿ ಬಹುಕಾಲ ನಿಲ್ಲಲಿಲ್ಲ. ಬಾಳೂ ಇನ್ನೂ ಚಿಕ್ಕವರಿದ್ದಾಗಲೇ ಪುಣೆಗೆ ಹೋಗಿ ನೆಲಸಿತು. ಪುಣೆಯ ದಂಡಿನ ಪ್ರದೇಶದಲ್ಲಿ ಆಂಗ್ಲ ಅಧಿಕಾರಿಗಳು ಆಡಿ ಬಿಸುಟ ಹಳೆಯ ದಾಂಡು, ಹೊಲಿಗೆ ಬಿಚ್ಚಿದ ಚೆಂಡುಗಳೇ ಬಾಳೂ ಮತ್ತು ಅವರ ತಮ್ಮ ಶಿವರಾಮರಿಗೆ ಆಟದ ಸಾಮಗ್ರಿಗಳಾದುವು.

ಆ ಕಾಲದಲ್ಲಿ ಕ್ರಿಕೆಟ್ ಎಂಬುದು ನಮ್ಮವರ ಆಟವಾಗಿರಲಿಲ್ಲ. ಆಂಗ್ಲರ ತರುವಾಯ ಮೊದಲು ಅದನ್ನು ಕೈಗೆತ್ತಿಕೊಂಡವರು ಮುಂಬಯಿಯ ಪಾರಸಿಗಳು. 1848ರಷ್ಟು ಹಿಂದೆಯೇ ಅವರು ಓರಿಯಂಟಲ್ ಕ್ಲಬ್ಬನ್ನು ಕಟ್ಟಿದರು. 1886ರಲ್ಲಿ ಮತ್ತು 1888ರಲ್ಲಿ ಸಮುದ್ರ ದಾಟಿ ಇಂಗ್ಲೆಂಡಿಗೂ ಹೋಗಿ ಆಡಿ ಬಂದರು. ಹಿಂದೂಗಳೂ ಮುಸಲ್ಮಾನರೂ ಅವರನ್ನು ನೋಡಿ ಕಲಿತರು. ಹೀಗೆ ಕೋಮು ಕೋಮಿಗೊಂದು ಕ್ಲಬ್ಬು ಹುಟ್ಟಿತು. ಆಟವೊಂದೇ ಆದರೂ ಪಂಕ್ತಿ ಬೇರೆ ಬೇರೆ.

ಬಾಳೂ ಅವರ ಮೊದಲ ಉದ್ಯೋಗ ಪುಣೆಯಲ್ಲಿ ಪಾರಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ. ನೆಲ ಗುಡಿಸುವುದು, ರೋಲರು ಎಳೆಯುವುದು, ಕರೆದಾಗ ಸದಸ್ಯರಿಗೆ ಚೆಂಡೆಸೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಅವರು ಆಂಗ್ಲರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಒಂದು ರೂಪಾಯಿ ಹೆಚ್ಚು. ಕೆಲಸವೂ ಹೆಚ್ಚು: ಆಟದ ಪಟ್ಟಿಯನ್ನು ಉರುಳಿಸಿ ಸಮಗೊಳಿಸಬೇಕು, ಗೆರೆಗಳನ್ನು ಎಳೆಯಬೇಕು, ಅಭ್ಯಾಸದ ಬಲೆಗಳನ್ನು ಕಟ್ಟಬೇಕು, ಬಿಡುವು ದೊರೆತರೆ ಟೆನಿಸ್ ಅಂಗಳಕ್ಕೂ ಸುಣ್ಣ ಬಳಿಯಬೇಕು.

ಈ ಕೆಲಸವನ್ನು ಹಗುರವಾಗಿ ಕಾಣುವವರು ಅದರೊಳಗಿನ ವಿದ್ಯೆಯನ್ನು ಅರಿಯರು. ಕ್ರಿಕೆಟ್ಟಿನ ನಿಯಮಗಳೆಲ್ಲ ಆರಂಭವಾಗುವುದೇ ನೆಲದ ಮೇಲೆ ಎಳೆದ ಗೆರೆಗಳಿಂದ. ಗೂಟಗಳ ಒಂದು ಜೋಡಣೆಗೂ ಇನ್ನೊಂದಕ್ಕೂ ನಡುವೆ 22 ಗಜಗಳ ಅಂತರ. ಆಗಿನ ಕಟ್ಟಳೆಯಂತೆ ಮೂರು ಗೂಟಗಳು ನೆಟ್ಟ ಮೇಲೆ ಎತ್ತರ 27 ಅಂಗುಲ, ಅಗಲ 8 ಅಂಗುಲ. 1931ರಲ್ಲಿಯೇ ಅದು 28 ಮತ್ತು 9 ಅಂಗುಲಗಳಿಗೆ ಏರಿದ್ದು. ಗೂಟಗಳ ಮುಂದೆ 4 ಅಡಿ ದೂರದಲ್ಲಿ ದಾಂಡಿಗನ ಗೆರೆ. ಆ ಗೆರೆಯ ಒಳಗೆ ಪಾದವನ್ನಾಗಲಿ ದಾಂಡನ್ನಾಗಲಿ ಊರಿದ್ದರೆ ದಾಂಡಿಗನು ಕ್ಷೇಮ. ಹೊರಗಿದ್ದಾಗ ಚೆಂಡಿನಿಂದ ಗೂಟವನ್ನು ಉರುಳಿಸಿದರೆ ಔಟು. ಎಸೆತಗಾರನಿಗೂ ಗೆರೆಯ ಕಟ್ಟುಂಟು. ಅದನ್ನು ಮೀರಿದರೆ ಅವನ ಎಸೆತ ಸಲ್ಲದು. 1889ರಿಂದ 1900ರವರೆಗೆ ಇಂಗ್ಲೆಂಡಿನಲ್ಲಿ ಒಂದು ಓವರಿಗೆ 5 ಎಸೆತಗಳು, ಅನಂತರ 6. ಇವನ್ನೆಲ್ಲ ಇತರರು ಅಂಪೈರರ ಬಾಯಿಂದ ಕೇಳಿ ತಿಳಿಯುತ್ತಿದ್ದರೆ ಬಾಳೂ ಅಳತೆಯ ಸರಪಣಿ ಹಿಡಿದು, ಮಂಡಿಯೂರಿ, ದಿನದಿನವೂ ತಮ್ಮ ಕೈಯಿಂದಲೇ ಬರೆದು ತಿಳಿದರು. ಅಕ್ಷರ ತಿದ್ದುವ ಬಾಲಕನಿಗೆ ಮರಳು ಹೇಗೋ ಬಾಳೂ ಅವರಿಗೆ ಆ ಹುಲ್ಲಿನ ನೆಲ ಹಾಗೆ.

ನೆಲದ ಅರಿವು ಎಸೆತಗಾರನಿಗೆ ಅರ್ಧ ವಿದ್ಯೆ. ಯಾವ ಭಾಗದಲ್ಲಿ ಮಣ್ಣು ಸಡಿಲ, ಎಲ್ಲಿ ತೇವ ನಿಲ್ಲುತ್ತದೆ, ರೋಲರು ಎಳೆದ ಮೇಲೂ ಎಲ್ಲಿ ಒರಟುತನ ಉಳಿಯುತ್ತದೆ, ಬಿಸಿಲೇರಿದಂತೆ ಪಟ್ಟಿ ಹೇಗೆ ಬಿರಿಯುತ್ತದೆ ಎಂಬುದನ್ನು ಅದನ್ನು ಸಿದ್ಧಪಡಿಸಿದವನಿಗಿಂತ ಚೆನ್ನಾಗಿ ಬಲ್ಲವರಾರು? ಆ ದಿನಗಳಲ್ಲಿ ಮಳೆ ಬಂದರೂ ಪಟ್ಟಿಗೆ ಹೊದಿಕೆ ಹಾಕುವ ಪದ್ಧತಿಯಿರಲಿಲ್ಲ. ನೆನೆದು ಒಣಗುತ್ತಿರುವ ನೆಲವು ನಿಧಾನಗತಿಯ ಎಸೆತಗಾರನ ಪಾಲಿಗೆ ಕಾಮಧೇನುವಾಗುತ್ತಿತ್ತು.

ಬಾಳೂ ಎಡಗೈಯವರು. ಪೂನಾ ಕ್ಲಬ್ಬಿನಲ್ಲಿ ಬಾರ್ಟನ್ ಎಂಬ ಸೇನಾಧಿಕಾರಿ ಎಡಗೈಯಿಂದ ನಿಧಾನವಾಗಿ, ಸರಾಗವಾಗಿ ಚೆಂಡೆಸೆಯುತ್ತಿದ್ದರು. ಬಾಳೂ ಅವರ ಕೈಯ ಚಲನೆಯನ್ನು ದೂರದಿಂದ ನೋಡಿ ನೋಡಿ ತಮ್ಮದಾಗಿಸಿಕೊಂಡರು. ಏಕಲವ್ಯನ ಕಥೆ ಇಲ್ಲಿ ನೆನಪಾಗದಿರದು. ಪುಣ್ಯಕ್ಕೆ ಇಲ್ಲಿ ಹೆಬ್ಬೆರಳನ್ನು ಯಾರೂ ಕೇಳಲಿಲ್ಲ.

ಅವರ ಸಾಣೆಗಲ್ಲಾದವರು ಜಾನ್ ಗ್ಲೆನಿ ಗ್ರೆಗ್ ಎಂಬ ಸೇನಾಧಿಕಾರಿ. ಆತನ ಎರಡು ಹೆಸರುಗಳನ್ನು ಕೂಡಿಸಿ ನಮ್ಮ ಜನ ಜಂಗ್ಲಿ ಗ್ರೆಗ್ ಎಂದು ಕರೆಯುತ್ತಿದ್ದರು. ಕುಳ್ಳನೆಯ ಆಳು, ಚುರುಕಾದ ಪಾದ, ಬಲವಾದ ಮಣಿಕಟ್ಟು. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಪರವಾಗಿಯೂ ಆಡಿದ ಶ್ರೇಷ್ಠ ದಾಂಡಿಗ. (ಇದೇ ಗ್ರೆಗ್ ವೃದ್ಧಾಪ್ಯದಲ್ಲಿ ಕತ್ತಿ ದಾಂಡುಗಳನ್ನೆಲ್ಲ ಬಿಟ್ಟು ಕ್ರೈಸ್ತ ಪಾದ್ರಿಯ ದೀಕ್ಷೆ ಪಡೆದರೆಂಬುದು ಕುತೂಹಲದ ವಿಷಯ.) ಉಳಿದ ಸದಸ್ಯರು ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಅವರು ಬಯಲಿಗೆ ಬಂದು ಬಾಳೂ ಅವರಿಂದ ಎಸೆತ ಹಾಕಿಸಿಕೊಳ್ಳುತ್ತಿದ್ದರು. ತಮ್ಮನ್ನು ಔಟು ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದರೆಂದು ಪ್ರತೀತಿಯಿದೆ. ಕತೆಯೋ ನಿಜವೋ, ಲೆಕ್ಕವಂತೂ ಸೊಗಸಾಗಿದೆ: ತಿಂಗಳಲ್ಲಿ ಎಂಟು ಸಲ ಗ್ರೆಗ್ ಸಾಹೇಬರ ಗೂಟ ಬಿದ್ದರೆ ತಿಂಗಳ ಸಂಬಳದಷ್ಟೇ ಹಣ ಮತ್ತೊಮ್ಮೆ ಕೈಸೇರಿದಂತಾಯಿತು.

ಹೀಗೆ ನೂರಾರು ಗಂಟೆಗಳ ಕಾಲ ಬಾಳೂ ಚೆಂಡೆಸೆದರು. ಆದರೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರ ಕೈಗೆ ದಾಂಡನ್ನು ಕೊಟ್ಟು ನೀನೂ ಸ್ವಲ್ಪ ಆಡಿ ನೋಡೆಂದು ಯಾರೂ ಹೇಳಲಿಲ್ಲ. ದಾಂಡು ದೊರೆಗಳ ಸೊತ್ತು, ಬೆವರಿಳಿಸುವ ಎಸೆತ ಆಳುಗಳ ಪಾಲು. ಆಟದ ಅರ್ಧ ಭಾಗವನ್ನು ಮಾತ್ರ ಕಲಿಯಲು ಅವಕಾಶ ಪಡೆದವರು ಆ ಅರ್ಧವನ್ನೇ ಪೂರ್ಣವಾಗಿ ಸಾಧಿಸಿದರು.

ಆ ಸಾಧನೆಯ ಬೆಲೆಯನ್ನು ಅರಿಯಬೇಕಾದರೆ ಅಂದಿನ ಒಂದು ನಿಯಮವನ್ನು ತಿಳಿಯಬೇಕು. ಗೂಟಕ್ಕೆ ಬಡಿಯಬೇಕಾದ ಚೆಂಡನ್ನು ದಾಂಡಿಗನು ಕಾಲಿನಿಂದ ತಡೆದರೆ ಅವನು ಔಟು ಎಂಬುದು ಈಗ ಬೀದಿಯ ಹುಡುಗರಿಗೂ ಗೊತ್ತು. ಆದರೆ 1930ರ ದಶಕದ ನಡುವಿನವರೆಗೆ ಈ ಶಿಕ್ಷೆ ಅನ್ವಯಿಸಬೇಕಾದರೆ ಚೆಂಡು ಎರಡು ಬದಿಯ ಗೂಟಗಳ ನಡುವಣ ನೇರದಲ್ಲಿಯೇ ನೆಲ ಮುಟ್ಟಿರಬೇಕಾಗಿತ್ತು. ಆ ನೇರದ ಆಚೆ ಈಚೆ ಬಿದ್ದು ಒಳಕ್ಕೆ ತಿರುಗಿದ ಚೆಂಡನ್ನು ದಾಂಡಿಗನು ಕಾಲಕಟ್ಟಿನಿಂದ ನಿರ್ಭಯವಾಗಿ ಒದೆಯಬಹುದಿತ್ತು. ಆದುದರಿಂದ ನಿಧಾನ ಎಸೆತಗಾರನು ಕೇವಲ ತಿರುವನ್ನು ನಂಬಿ ಬದುಕುವಂತಿರಲಿಲ್ಲ. ದಾಂಡಿಗನನ್ನು ಗೆರೆಯಿಂದ ಹೊರಕ್ಕೆ ಸೆಳೆಯಬೇಕು, ಗಾಳಿಯಲ್ಲಿ ವಂಚಿಸಬೇಕು, ಹೊಡೆಯುವ ಆಸೆ ಹುಟ್ಟಿಸಿ ಹಿಡಿತಕ್ಕೆ ಸಿಲುಕಿಸಬೇಕು. ಬಾಳೂ ಅವರಲ್ಲಿ ಇವೆಲ್ಲವೂ ಇದ್ದುವು. ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲರು, ಗಾಳಿಯಲ್ಲಿ ಬಾಗಿಸಬಲ್ಲರು, ವೇಗವನ್ನು ಕಣ್ಣಿಗೆ ಕಾಣದಂತೆ ಏರಿಳಿಸಬಲ್ಲರು. ಎಲ್ಲಕ್ಕೂ ಮಿಗಿಲಾಗಿ, ಬೆಳಗಿನಿಂದ ಸಂಜೆಯವರೆಗೆ ಎಸೆದರೂ ಗುರಿ ತಪ್ಪರು. ಇಂಗ್ಲೆಂಡಿನ ಪ್ರಖ್ಯಾತ ಎಡಗೈ ಎಸೆತಗಾರ ವಿಲ್ಫ್ರೆಡ್ ರೋಡ್ಸ್ ಅವರಿಗೆ ಇವರನ್ನು ಹೋಲಿಸುವ ವಾಡಿಕೆ ಮುಂದೆ ಬೆಳೆದು ಬಂದಿತು.

ಆಂಗ್ಲರ ಬಯಲಿನಲ್ಲಿ ಚಮ್ಮಾರರ ಹುಡುಗನೊಬ್ಬ ಸಾಹೇಬರ ಗೂಟಗಳನ್ನು ಉರುಳಿಸುತ್ತಿದ್ದಾನೆಂಬ ವಾರ್ತೆ ಪುಣೆಯ ಹಿಂದೂ ಕ್ಲಬ್ಬಿಗೆ ಮುಟ್ಟಲು ತಡವಾಗಲಿಲ್ಲ. ಆಂಗ್ಲರನ್ನು ಸೋಲಿಸಬೇಕೆಂಬ ಹಂಬಲ ಒಂದು ಕಡೆ, ಮೈಲಿಗೆಯ ಅಂಜಿಕೆ ಇನ್ನೊಂದು ಕಡೆ. ಕ್ಲಬ್ಬಿನ ತೆಲುಗು ಸದಸ್ಯರು ಸೇರಿಸಿಕೊಳ್ಳೋಣವೆಂದರು. ಮರಾಠಿ ಬ್ರಾಹ್ಮಣರಲ್ಲಿ ಕೆಲವರು ಕೂಡದೆಂದರು. ಚರ್ಚೆ ನಡೆದಿರುವಾಗ ಗ್ರೆಗ್ ಅವರೇ ಪತ್ರಿಕೆಯ ಮೂಲಕ, ಇಂಥವನನ್ನು ಕಳೆದುಕೊಂಡರೆ ಹಿಂದೂಗಳು ಮೂರ್ಖರಾಗುವರೆಂಬ ಅಭಿಪ್ರಾಯವನ್ನು ಪ್ರಕಟಿಸಿದರು. ಬಾಳೂ ಅವರನ್ನು ತಂಡಕ್ಕೆ ತೆಗೆದುಕೊಳ್ಳಲಾಯಿತು.

ತೆಗೆದುಕೊಂಡ ರೀತಿ ಮಾತ್ರ ಹೀಗಿತ್ತು. ಬಯಲಿನೊಳಗೆ ಬಾಳೂ ಅವರು ಮುಟ್ಟಿದ ಚೆಂಡನ್ನೇ ಮೇಲು ಜಾತಿಯವರೂ ಮುಟ್ಟುವರು. ಚೆಂಡು ತೊಗಲಿನದು, ಅದನ್ನು ಹಿಡಿದ ಕೈಗೆ ಮೈಲಿಗೆಯಿಲ್ಲ. ಚಹದ ವಿರಾಮ ಬಂದೊಡನೆ ಉಳಿದ ಹತ್ತು ಮಂದಿ ಆಟಗಾರರ ಮನೆಯೊಳಗೆ ಕುಳಿತು ಪಿಂಗಾಣಿಯ ಬಟ್ಟಲಿನಲ್ಲಿ ಚಹ ಕುಡಿಯುವರು. ಬಾಳೂ ಅವರಿಗೆ ಹೊರಗೆ, ಕುಡಿದು ಬಿಸುಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಮೇಜು, ಬೇರೆ ತಟ್ಟೆ. ಮುಖ ತೊಳೆಯಬೇಕೆಂದರೆ ಅಸ್ಪೃಶ್ಯನೇ ಆದ ಸೇವಕನೊಬ್ಬ ಬಯಲಿನ ಮೂಲೆಗೆ ನೀರು ತಂದು ಹೊಯ್ಯಬೇಕು. ಹನ್ನೊಂದು ಮಂದಿಯೂ ಸಮಾನರೆಂದು ಬರೆದ ನಿಯಮ ಎಲ್ಲೆಯ ಗೆರೆಯವರೆಗೆ ಮಾತ್ರ ನಡೆಯುತ್ತಿತ್ತು. ಅದರಾಚೆಗೆ ಬರೆಯದ ನಿಯಮದ ಆಳ್ವಿಕೆ.

ಬಾಳೂ ಬಾಯಿಬಿಟ್ಟು ದೂರಲಿಲ್ಲ, ಚೆಂಡೆಸೆದರು. ಹಿಂದೂಗಳು ಪುಣೆಯ ಆಂಗ್ಲರನ್ನು ಸೋಲಿಸಿದರು. ಸಾತಾರೆಯಲ್ಲಿ ಆಂಗ್ಲರ ಜಿಮಖಾನೆಯವರು ಈ ಎಸೆತಗಾರರ ತಿರುವನ್ನು ಮುರಿಯಬೇಕೆಂದು ಒಂದು ವಾರ ಮುಂಚಿನಿಂದಲೇ ಪಟ್ಟಿಯ ಮೇಲೆ ರೋಲರು ಎಳೆಸಿ ನೆಲವನ್ನು ಕಲ್ಲಿನಂತೆ ಮಾಡಿಟ್ಟರು. ರೋಲರಿನ ಗುಟ್ಟನ್ನು ರೋಲರು ಎಳೆದೇ ಬೆಳೆದವರಿಗೆ ಕಲಿಸಹೊರಟಂತಾಯಿತು! ಬಾಳೂ 7 ಮಂದಿಯನ್ನು ಔಟು ಮಾಡಿದರು, ಹಿಂದೂಗಳು ಗೆದ್ದರು. ಮರಳಿ ಬಂದಾಗ ಪುಣೆಯಲ್ಲಿ ಸಭೆ ನೆರೆದು, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಳೂ ಅವರಿಗೆ ಹಾರ ಹಾಕಿದರು. ಯಾರೊಡನೆ ಆಡಬಹುದೋ ಅವರೊಡನೆ ಕುಳಿತು ಚಹ ಕುಡಿಯುವುದಕ್ಕೂ ಉಣ್ಣುವುದಕ್ಕೂ ಅಡ್ಡಿಯೇನು ಎಂಬುದು ರಾನಡೆಯವರ ವಾದ. ಸಮಾಜ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದಿದ್ದ ಅವರ ಪಾಲಿಗೆ ಆ ಮಣ್ಣಿನ ಕುಡಿಕೆ ಸಣ್ಣ ವಿಷಯವಾಗಿ ತೋರಲಿಲ್ಲ.

1896ರಲ್ಲಿ ಪ್ಲೇಗಿನ ಹಾವಳಿ ತಲೆದೋರಿದಾಗ ಬಾಳೂ ಮುಂಬಯಿಗೆ ಹೋದರು. ಕೆಲವು ಕಾಲ ಸೈನ್ಯದ ಆಶ್ರಯ, ಆಮೇಲೆ ರೈಲ್ವೆಯ ನೌಕರಿ. ಸಮುದ್ರ ತೀರದಲ್ಲಿ ಹೊಸದಾಗಿ ಸ್ಥಾಪಿತವಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನೆಯಲ್ಲಿಯೂ ಮೊದಮೊದಲು ವಿರೋಧ ಎದ್ದಿತು. ಗೆಲ್ಲುವ ಆಸೆ ವಿರೋಧವನ್ನು ಮೀರಿಸಿತು. ತಮ್ಮಂದಿರಾದ ಶಿವರಾಮ, ಗಣಪತ ಮತ್ತು ವಿಠ್ಠಲರೂ ಒಬ್ಬರ ಹಿಂದೊಬ್ಬರಂತೆ ಹಿಂದೂ ತಂಡವನ್ನು ಸೇರಿದರು. ಅಣ್ಣನಿಗೆ ದೊರೆಯದ ದಾಂಡಿನ ಶಿಕ್ಷಣ ತಮ್ಮಂದಿರಿಗೆ ದೊರೆಯಿತು. ಶಿವರಾಮರೂ ವಿಠ್ಠಲರೂ ಒಳ್ಳೆಯ ದಾಂಡಿಗರಾದರು. ಅದರಲ್ಲಿಯೂ ವಿಠ್ಠಲರ ಆಟ ಬಹು ಸೊಗಸಿನದೆಂದು ಹೆಸರಾಗಿತ್ತು.

1906ರ ಫೆಬ್ರವರಿಯಲ್ಲಿ ಮುಂಬಯಿಯ ಆಂಗ್ಲರ ಜಿಮಖಾನೆಯ ಬಯಲಿನಲ್ಲಿ ಹಿಂದೂಗಳಿಗೂ ಆಂಗ್ಲರಿಗೂ ಪಂದ್ಯ ನಡೆಯಿತು. ಬಂಗಾಲ ವಿಭಜನೆಯಾಗಿ ಕೆಲವೇ ತಿಂಗಳಾಗಿತ್ತು. ಸ್ವದೇಶೀ ಚಳವಳಿಯ ಕಾವು ದೇಶವನ್ನೆಲ್ಲ ವ್ಯಾಪಿಸಿತ್ತು. ಹಿಂದೂಗಳು ಮೊದಲ ಸರದಿಯಲ್ಲಿ 242, ಎರಡನೆಯದರಲ್ಲಿ 160 ಓಟಗಳನ್ನು ಗಳಿಸಿದರು. ಆಂಗ್ಲರು 191ಕ್ಕೂ 102ಕ್ಕೂ ಕುಸಿದರು. 109 ಓಟಗಳ ಗೆಲುವು. ಎಸೆತದ ಭಾರದ ದೊಡ್ಡ ಪಾಲನ್ನು ಹೊತ್ತವರು ಬಾಳೂ, ಶಿವರಾಮರೂ ತಂಡದಲ್ಲಿದ್ದರು. ಅಂದಿನ ಸುಧಾರಣಾವಾದಿ ಪತ್ರಿಕೆಯೊಂದು ಓಟಗಳ ಲೆಕ್ಕಕ್ಕಿಂತ ಹೆಚ್ಚಾಗಿ ಬೇರೊಂದು ಸಂಗತಿಯನ್ನು ಎತ್ತಿ ಹಿಡಿಯಿತು: ಪುಣೆಯಲ್ಲಿ ಹೊರಗೆ ನಿಂತು ಚಹ ಕುಡಿದವರನ್ನು ಮುಂಬಯಿಯ ಹಿಂದೂ ಜಿಮಖಾನೆ ಒಳಗೆ ಕುಳ್ಳಿರಿಸಿಕೊಂಡಿತೆಂಬುದನ್ನು. ಹತ್ತಾರು ವರ್ಷಗಳ ವ್ಯಾಖ್ಯಾನ, ಉಪದೇಶಗಳಿಂದ ಆಗದುದನ್ನು ಎಡಗೈಯ ಎಸೆತ ಇಷ್ಟರಮಟ್ಟಿಗೆ ಸಾಧಿಸಿತ್ತು. ಮರುವರ್ಷ 1907ರಲ್ಲಿಯೂ ಹಿಂದೂಗಳು ಆಂಗ್ಲರನ್ನು ಮಣಿಸಿದರು. ಅದೇ ವರ್ಷ ಪಾರಸಿಗಳೂ ಕೂಡಿ ತ್ರಿಕೋನ ಪಂದ್ಯಾವಳಿ ಆರಂಭವಾಗಿ, 1912ರಲ್ಲಿ ಮುಸಲ್ಮಾನರೂ ಸೇರಿ ಅದು ಚತುಷ್ಕೋನವಾಯಿತು.

1911ರಲ್ಲಿ ಎಲ್ಲ ಕೋಮಿನವರೂ ಕೂಡಿದ ಭಾರತೀಯ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಪಟಿಯಾಲೆಯ ತರುಣ ಮಹಾರಾಜ ಭೂಪಿಂದರ ಸಿಂಗರು ನಾಯಕರು. ಪಾರಸಿಗಳು, ಮುಸಲ್ಮಾನರು, ಹಿಂದೂಗಳು. ಹಿಂದೂಗಳಲ್ಲಿ ಬಾಳೂ ಮತ್ತು ಶಿವರಾಮ ಸಹೋದರರು, ಮುಂಬಯಿಯ ಎಂ. ಡಿ. ಪೈ, ವಿಕೆಟ್ ಕಾಯುವ ಶೇಷಾಚಾರಿ, ಬೆಂಗಳೂರಿನ ಬಿ. ಜಯರಾಮ್. ಕಡಲು ದಾಟಿದರೆ ಜಾತಿ ಕೆಡುವುದೆಂಬ ಅಂಜಿಕೆ ಇನ್ನೂ ಉಳಿದಿದ್ದ ಕಾಲದಲ್ಲಿ ಇಂಥವರೆಲ್ಲ ಒಂದೇ ಹಡಗಿನಲ್ಲಿ ಹೊರಟದ್ದೇ ಒಂದು ವಿಶೇಷ.

ಆ ಪ್ರವಾಸವನ್ನು ತಂಡದ ದೃಷ್ಟಿಯಿಂದ ಯಶಸ್ವಿ ಎನ್ನಲಾಗದು. ಮಹಾರಾಜರು ಕೆಲವೇ ಪಂದ್ಯಗಳನ್ನು ಆಡಿ, ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಔತಣಗಳಲ್ಲಿ ಮಗ್ನರಾದರು. ಶ್ರೇಷ್ಠ ದಾಂಡಿಗನೊಬ್ಬನನ್ನೂ ತಮ್ಮ ಪರಿವಾರದೊಡನೆ ಕರೆದೊಯ್ದರು. ಆಡಿದ 23 ಪಂದ್ಯಗಳಲ್ಲಿ 15 ಸೋಲುಗಳಾದುವು. ಗೆಲುವು 6 ಮಾತ್ರ. ಇಂಗ್ಲೆಂಡಿನ ಪ್ರಾಂತೀಯ ತಂಡಗಳಲ್ಲಿ ಲೀಸ್ಟರ್‌ಷೈರ್ ಮತ್ತು ಸಾಮರ್ಸೆಟ್‌ಗಳನ್ನು ಗೆದ್ದದ್ದೇ ಹೆಮ್ಮೆ. ಸಾಮರ್ಸೆಟ್ ವಿರುದ್ಧ ಶಿವರಾಮರು ಶತಕ ಬಾರಿಸಿದರು.

ಆದರೆ ಬಾಳೂ! ಮೂವತ್ತೈದರ ವಯಸ್ಸಿನಲ್ಲಿ, ಕಾಣದ ನಾಡಿನ ಚಳಿಯಲ್ಲಿ, ಹಿಡಿತಗಳನ್ನು ಕೈಬಿಡುವ ಸಹ ಆಟಗಾರರನ್ನು ಕಟ್ಟಿಕೊಂಡು ಆ ಬೇಸಗೆಯಲ್ಲಿ ಅವರು 114 ವಿಕೆಟ್ಟುಗಳನ್ನು ಪಡೆದರು. ಪ್ರತಿ ವಿಕೆಟ್ಟಿಗೆ 19 ಓಟಗಳೂ ಪೂರ್ತಿ ಬೀಳಲಿಲ್ಲ. ಅವುಗಳಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಪಡೆದುವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 103 ಓಟಗಳಿಗೆ 8 ಮಂದಿ. ಹಸಿರು ಹುಲ್ಲಿನ ಮೇಲೆ ಬಿಳಿಯ ಗೆರೆ ಎಳೆಯುವ ಕೆಲಸದಿಂದ ಆರಂಭಿಸಿದವರು ಆ ಆಟ ಹುಟ್ಟಿದ ನಾಡಿನಲ್ಲಿಯೇ ಅದರ ಪಂಡಿತರಿಗೆ ಪಾಠ ಹೇಳಿದಂತಾಯಿತು. ಅತಿಯಾದ ದುಡಿಮೆಯಿಂದ ಎಡಗೈಯ ನೋವು ಮಾತ್ರ ಅಂಟಿಕೊಂಡಿತು. ಮರಳಿದ ಮೇಲೆ ಮುಂಬಯಿಯಲ್ಲಿ ದಲಿತ ಬಂಧುಗಳು ಅವರನ್ನು ಸನ್ಮಾನಿಸಿದರು. ಆಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಭೀಮರಾವ್ ಅಂಬೇಡ್ಕರರು ಬಾಳೂ ಅವರನ್ನು ಆದರದಿಂದ ಕಂಡವರಲ್ಲಿ ಒಬ್ಬರು.

ಇಷ್ಟೆಲ್ಲ ಆದ ಮೇಲೆ ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ಬರುವುದು ಸಹಜವೆಂದು ಯಾರಿಗಾದರೂ ತೋರುವುದು. ಹಿರಿತನ ಅವರದು, ಅನುಭವ ಅವರದು, ಆಟದ ನಿಯಮವನ್ನು ಅವರಷ್ಟು ಬಲ್ಲವರಿಲ್ಲ. ನಾಯಕನ ಆಯ್ಕೆಗೆ ಮಾತ್ರ ನಿಯಮಾವಳಿಯಲ್ಲಿ ಕಟ್ಟಳೆಯಿಲ್ಲ. ಅದು ಜಿಮಖಾನೆಯ ಹಿರಿಯರ ಇಚ್ಛೆ. ಎಸೆತಕ್ಕೆ ಬಾಳೂ ಬೇಕು. ಎಸೆಯೆಂದು ಆಜ್ಞಾಪಿಸುವ ಸ್ಥಾನಕ್ಕೆ ಬೇಡ. ವರ್ಷ ವರ್ಷವೂ ಪತ್ರಿಕೆಗಳಲ್ಲಿ, ಪ್ರೇಕ್ಷಕರಲ್ಲಿ ಬಾಳೂ ಅವರ ಹೆಸರು ಕೇಳಿಬರುತ್ತಿತ್ತು; ವರ್ಷ ವರ್ಷವೂ ಬೇರೊಬ್ಬರು ನಾಯಕರಾಗುತ್ತಿದ್ದರು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ತಮಗಾಗಿ ಏರ್ಪಡಿಸಿದ್ದ ಸನ್ಮಾನ ಸಭೆಯಲ್ಲಿಯೇ ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಹೇಳಿದರು. ಪೈ ಅವರ ಸೌಜನ್ಯ ದೊಡ್ಡದು. ಆದರೂ ಪದವಿ ಹಸ್ತಾಂತರವಾಗಲಿಲ್ಲ.

1920ರಲ್ಲಿ ಕಟ್ಟೆಯೊಡೆಯಿತು. ಆ ವರ್ಷದ ಮೊದಲ ಪಂದ್ಯಕ್ಕೆ ಪೈ ಅವರು ಅಸ್ವಸ್ಥರಾದುದರಿಂದ ನಾಯಕತ್ವವನ್ನು ಪುಣೆಯ ಡಿ. ಬಿ. ದೇವಧರರಿಗೆ ಕೊಡಲಾಯಿತು. ದೇವಧರರು ಸಂಸ್ಕೃತ ಪ್ರಾಧ್ಯಾಪಕರು, ದಾಂಡಿನಲ್ಲಿಯೂ ನಿಪುಣರು, ಮುಂದೆ ಶತಾಯುಷಿಗಳಾದ ಪೂಜ್ಯರು. ಆದರೆ ಆಟದ ಸೇವೆಯಲ್ಲಿ ಶಿವರಾಮ, ವಿಠ್ಠಲರಿಗಿಂತ ಕಿರಿಯರು. ಬಾಳೂ ಅವರನ್ನಂತೂ ತಂಡದಿಂದಲೇ ಕೈಬಿಡಲಾಗಿತ್ತು. ತಮ್ಮಂದಿರಿಬ್ಬರೂ ಆಡುವುದಿಲ್ಲವೆಂದು ಹೊರಬಂದರು. ಬಂದು ಸುಮ್ಮನಿರದೆ, ಹುಟ್ಟಿನ ಕಾರಣದಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಪತ್ರಿಕೆಗಳಲ್ಲಿ ಹೇಳಿಕೆಯನ್ನೂ ಪ್ರಕಟಿಸಿದರು. ಇಪ್ಪತ್ತೈದು ವರ್ಷ ಬಾಯ್ಮುಚ್ಚಿ ಚೆಂಡೆಸೆದ ಅಣ್ಣನ ಪರವಾಗಿ ತಮ್ಮಂದಿರು ಬಾಯ್ಬಿಟ್ಟರು. ಅಸ್ಪೃಶ್ಯತೆ ತೊಲಗಬೇಕೆಂಬ ಕರೆ ಅದೇ ವರ್ಷದ ಕೊನೆಗೆ ನಾಗಪುರದ ಕಾಂಗ್ರೆಸ್ ಅಧಿವೇಶನದಿಂದಲೂ ಹೊರಟಿತು. ಜಿಮಖಾನೆ ಬಗ್ಗಿತು. ಅಂತಿಮ ಪಂದ್ಯಕ್ಕೆ ಪೈ ಅವರು ಮರಳಿ ನಾಯಕರಾದರು, ಬಾಳೂ ಅವರನ್ನು ಕರೆದು ಉಪನಾಯಕರನ್ನಾಗಿ ಮಾಡಲಾಯಿತು, ತಮ್ಮಂದಿರೂ ಬಂದರು. ಪಾರಸಿಗಳ ವಿರುದ್ಧ ನಡೆದ ಆ ಪಂದ್ಯದಲ್ಲಿ ಪೈ ಅವರು ಬಹಳ ಹೊತ್ತು ಬಯಲಿನಿಂದ ಹೊರಗುಳಿದರು. ಅನಾರೋಗ್ಯದಿಂದಲೋ ಉದ್ದೇಶಪೂರ್ವಕವಾಗಿಯೋ, ಓದುಗರು ಊಹಿಸಿಕೊಳ್ಳಬಹುದು. ಅಷ್ಟು ಹೊತ್ತು ಹಿಂದೂ ತಂಡವನ್ನು ನಡೆಸಿದವರು ಪಾಲವಣಕರ ಬಾಳೂ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಅವರು ಕೈ ತೋರಿದರು. ಮೇಲು ಜಾತಿಯವರು ಅಲ್ಲಿ ಹೋಗಿ ನಿಂತರು. ಆಗ ಅವರ ವಯಸ್ಸು ನಲವತ್ತನ್ನು ಮೀರಿತ್ತು. ಅದೇ ಅವರ ಕೊನೆಯ ದೊಡ್ಡ ಪಂದ್ಯ.

ಮೂರು ವರ್ಷ ಕಳೆದು 1923ರಲ್ಲಿ ವಿಠ್ಠಲರನ್ನು ಹಿಂದೂ ತಂಡದ ನಾಯಕರನ್ನಾಗಿ ನೇಮಿಸಲಾಯಿತು. ಆ ವರ್ಷ ಹಿಂದೂಗಳು ಆಂಗ್ಲರನ್ನು ಸೋಲಿಸಿ ಪ್ರಶಸ್ತಿ ಗೆದ್ದರು. ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಬಾರದೆಂದು ದೂರ ನಿಲ್ಲಿಸಿದ್ದ ಮನೆತನದವರನ್ನು ಹೊರಲು ಹೆಗಲುಗಳು ಪೈಪೋಟಿ ನಡೆಸಿದ ಆ ದೃಶ್ಯ ಅಣ್ಣನ ಪಾಲಿಗೆ ಎಂಥದಾಗಿತ್ತೆಂಬುದನ್ನು ಬರೆದು ತಿಳಿಸುವುದು ಕಷ್ಟ.

ಆಟ ಬಿಟ್ಟ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. ಅವರ ಮಾರ್ಗ ಗಾಂಧೀಜಿಯವರ ಕಡೆಗೆ ಒಲಿಯಿತು. ಅವರನ್ನು ಅಭಿಮಾನದಿಂದ ಕಂಡ ಅಂಬೇಡ್ಕರರ ಮಾರ್ಗ ಬೇರೆಯಾಗಿತ್ತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬೇಕೇ ಬೇಡವೇ ಎಂಬ ವಾದದಲ್ಲಿ ಬಾಳೂ ಅವರು ಎಂ. ಸಿ. ರಾಜಾ ಅವರೊಡನೆ ಕೂಡು ಕ್ಷೇತ್ರಗಳ ಪರವಾಗಿ ನಿಂತರು. 1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿ ಉಪವಾಸ ಕುಳಿತಾಗ ಏರ್ಪಟ್ಟ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರರೂ ಇದ್ದಾರೆ, ಬಾಳೂ ಅವರೂ ಇದ್ದಾರೆ. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಬಾಳೂ ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿದರು. ಅಂಬೇಡ್ಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಬಾಳೂ ಸೋತರು. ಆ ಸ್ಪರ್ಧೆಗೆ ಅವರು ಒಪ್ಪಬಾರದಾಗಿತ್ತೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಮಣ್ಣಿನ ಕುಡಿಕೆಯಿಂದ ಪಿಂಗಾಣಿಯ ಬಟ್ಟಲಿನವರೆಗೆ ಒಳಗಿದ್ದುಕೊಂಡೇ ನಡೆದು ಬಂದವರಿಗೆ ಒಳಗಿನಿಂದಲೇ ಎಲ್ಲವೂ ಸರಿಹೋಗುವುದೆಂಬ ನಂಬಿಕೆ ಮೂಡಿದ್ದರೆ ಅದೂ ಸಹಜವೇ.

ಅವರು ಆಡಿದ ಪ್ರಥಮ ದರ್ಜೆಯ ಪಂದ್ಯಗಳು 33. ಪಡೆದ ವಿಕೆಟ್ಟುಗಳು 179, ಪ್ರತಿಯೊಂದಕ್ಕೆ 15 ಓಟಗಳ ಆಸುಪಾಸಿನಂತೆ. ಭಾರತಕ್ಕೆ ಅಧಿಕೃತ ಟೆಸ್ಟ್ ಪಂದ್ಯ ದೊರೆತದ್ದು 1932ರಲ್ಲಿ. ಅಷ್ಟರಲ್ಲಿ ಅವರಿಗೆ ವಯಸ್ಸಾಗಿತ್ತು. ಆ ಮೊದಲ ಟೆಸ್ಟಿನಲ್ಲಿ ನಾಯಕರಾಗಿದ್ದ ಸಿ. ಕೆ. ನಾಯುಡು ಅವರು 1916ರಲ್ಲಿ ಹಿಂದೂ ತಂಡಕ್ಕೆ ಬಾಲಕನಂತೆ ಕಾಲಿಟ್ಟಾಗ ಬಾಳೂ ಅವರು ಇನ್ನೂ ಆಡುತ್ತಿದ್ದರು.

1955ರ ಜುಲೈ 4ರಂದು ಬಾಳೂ ಮುಂಬಯಿಯಲ್ಲಿ ಕಾಲವಶರಾದರು. ಆ ಬಳಿಕ ಹಲವು ದಶಕಗಳ ಕಾಲ ಅವರ ಹೆಸರು ದಾಖಲೆಗಳಲ್ಲಿಯೇ ಮಲಗಿದ್ದಿತು. ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಅವರು 2002ರಲ್ಲಿ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಚರಿತ್ರೆಯನ್ನು ಪ್ರಕಟಿಸಿದಾಗ ಅದು ಮತ್ತೆ ಬೆಳಕಿಗೆ ಬಂದಿತು. ತಮ್ಮ ವಿಠ್ಠಲರು ತಮ್ಮ ಆಟದ ಬದುಕಿನ ನೆನಪುಗಳನ್ನು ಮರಾಠಿಯಲ್ಲಿ ಬರೆದಿಟ್ಟಿದ್ದಾರೆ. ಅಣ್ಣನು ಮಾತ್ರ ಏನನ್ನೂ ಬರೆಯಲಿಲ್ಲ.